ಅಪ್ಪನ ಫಸ್ಟ್ ಪರೇಡ್

2024ರ ನವೆಂಬರ್ 5ಕ್ಕೆ ಅಪ್ಪ ತಾನು ಬದುಕಿದ್ದೇನೆ ಅಂತ ಸರ್ಕಾರಕ್ಕೆ ಬರೆದುಕೊಟ್ಟ. ಸರಿಯಾಗಿ 16 ದಿನಕ್ಕೆ ಹೋಗಿಬಿಟ್ಟ.

ಪಿಂಚಣಿದಾರರ ಮನೆಯವರಿಗೆ ಈ ನವೆಂಬರ್ ಗಡಿಬಿಡಿ ಗೊತ್ತಿರುತ್ತದೆ. ಲೈಫ್ ಸರ್ಟಿಫಿಕೇಟ್ ಕೊಡಬೇಕು, ಇಲ್ಲದಿದ್ದರೆ ಪಿಂಚಣಿ ನಿಂತುಹೋಗುತ್ತದೆ. ದೀಪಾವಳಿಗೆ ಊರಿಗೆ ಬಂದವಳು ನಾನೇ ಅಪ್ಪನನ್ನು ನರಗುಂದಕ್ಕೆ ಕರೆದುಕೊಂಡು ಹೋಗಿದ್ದೆ. ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯ ಹುಡುಗ ಸಣ್ಣ ಮಷೀನ್ ಮುಂದಿಟ್ಟ. ಅಪ್ಪ ಹೆಬ್ಬೆಟ್ಟು ಒತ್ತಿದ. ಬರಲಿಲ್ಲ. ಒರೆಸಿ ಒತ್ತಿದ. ಬರಲಿಲ್ಲ. ಹುಡುಗ ಒಂದೊಂದೇ ಬೆರಳು ಹಿಡಿದು ಹತ್ತೂ ಬೆರಳು ಒತ್ತಿಸಿದ. ಒಂದೂ ಬರಲಿಲ್ಲ. "ಅಜ್ಜಾರ, ನಿಮ್ಮ ಬೆರಳಾಗ ಗೆರೀನ ಇಲ್ಲಲ್ರಿ" ಅಂದ. ಅಪ್ಪ ತನ್ನ ಅಂಗೈ ತಾನೇ ನೋಡಿಕೊಂಡು "ಎಲ್ಲಾ ಸ್ಟೇರಿಂಗ್‌ಗೆ ಕೊಟ್ಟು ಬಂದೇನಿ ತಮ್ಮಾ" ಅಂದ. ಕೊನೆಗೆ ಮೊಬೈಲಿನಲ್ಲಿ ಮುಖ ತೋರಿಸಿ ಕೆಲಸ ಮುಗಿಯಿತು. ಕಣ್ಣು ಮಿಟುಕಿಸಿ ಅಂತ ಹೇಳಿದಾಗ ಅಪ್ಪ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ ತೆಗೆದ. ಆ ಮುಖ ನನ್ನ ಕಣ್ಣಿಂದ ಹೋಗುತ್ತಿಲ್ಲ.

ಅಪ್ಪನಿಗೆ ಏಕವಚನ ಯಾಕೆ ಅಂತ ಬೆಂಗಳೂರಿನ ಗೆಳತಿಯರು ಕೇಳುತ್ತಾರೆ. ನಮ್ಮ ಕಡೆ ಹಾಗೇ. ಅಪ್ಪನಿಗೆ ಬಹುವಚನ ಹಾಕಿದರೆ ಯಾರೋ ಸಾಹೇಬರು ಬಂದಂಗೆ ಆಗುತ್ತದೆ.

ಅಪ್ಪ ಹುಟ್ಟಿದ್ದು 1962ರಲ್ಲಿ, ನರಗುಂದದ ಹತ್ತಿರದ ಒಂದು ಸಣ್ಣ ಊರಲ್ಲಿ. ಎರಿ ಹೊಲ, ಐದು ಎಕರೆ. ಮಲಪ್ರಭಾ ಕಾಲುವೆ ಬಂತು ಅಂತ ಕಾಗದದಲ್ಲಿತ್ತು, ನಮ್ಮ ಹೊಲ ಕಾಲುವೆಯ ಕೊನೆಯ ಬಾಲದಲ್ಲಿದ್ದಿದ್ದರಿಂದ ನೀರು ಮಾತ್ರ ಬರಲಿಲ್ಲ. ನೀರು ಬರದಿದ್ದರೂ ಕರ ಬಂತು. ಆ ಸಿಟ್ಟೇ 1980ರ ಜುಲೈ 21ಕ್ಕೆ ನರಗುಂದದಲ್ಲಿ ರೈತರ ಬಂಡಾಯವಾಗಿ ಎದ್ದಿದ್ದು, ಗೋಲಿಬಾರ್ ಆಗಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅಪ್ಪನಿಗೆ ಆಗ 18. ಅವತ್ತು ಪೇಟೆಗೆ ಹೋಗಿದ್ದವನು ರಾತ್ರಿ ಹೊಲದ ದಾರಿ ಹಿಡಿದು ಮನೆ ಸೇರಿದನಂತೆ. ಮುಂದೆ ತಿಂಗಳುಗಟ್ಟಲೆ ಊರೂರಿಗೆ ಪೊಲೀಸ್ ಜೀಪು. ಅಜ್ಜ ಹೆದರಿದ. "ಇಲ್ಲಿ ಗುಂಡು ತಿನ್ನೂದಕಿಂತ ಮಿಲ್ಟ್ರಿಗೆ ಹೋಗು, ಅಲ್ಲಿ ಪಗಾರರ ಕೊಡ್ತಾರ" ಅಂದನಂತೆ. ದೇಶಭಕ್ತಿ ಗಿಶಭಕ್ತಿ ಏನೂ ಇಲ್ಲ. ಅಪ್ಪ ಇದನ್ನು ಮುಚ್ಚಿಡುತ್ತಲೂ ಇರಲಿಲ್ಲ. ದೇಶಭಕ್ತಿ ಆಮೇಲೆ ನಿಧಾನಕ್ಕೆ ಬಂತು, ಚಪಾತಿ ತಿನ್ನೋದು ಅಭ್ಯಾಸ ಆದ ಹಾಗೆ, ಅನ್ನುತ್ತಿದ್ದ.

1981ರಲ್ಲಿ ಭರ್ತಿಯಾದ. ಎದೆ ಅಳೆದರು, ಓಡಿಸಿದರು, ಆರ್ಮಿ ಸರ್ವಿಸ್ ಕೋರ್ ಅಂತ ಬರೆದು ಬೆಂಗಳೂರಿಗೆ ಕಳಿಸಿದರು. ಸೈನ್ಯಕ್ಕೆ ಅಕ್ಕಿ, ಹಿಟ್ಟು, ಬೇಳೆ, ಎಣ್ಣೆ, ಸೀಮೆಎಣ್ಣೆ, ಪೆಟ್ರೋಲು ಎಲ್ಲ ಮುಟ್ಟಿಸುವ ವಿಭಾಗ ಅದು. ಅಪ್ಪನಿಗೆ ಸಿಕ್ಕಿದ್ದು ಡ್ರೈವರ್ ಕೆಲಸ. ಅಲ್ಲಿಯವರೆಗೆ ಅವನು ಹೊಡೆದಿದ್ದು ಚಕ್ಕಡಿ ಒಂದೇ. ಉಸ್ತಾದ್ ಹಿಂದಿಯಲ್ಲಿ ಬೈಯುತ್ತಿದ್ದದ್ದು ಮೊದಲ ಮೂರು ತಿಂಗಳು ಅರ್ಥವೇ ಆಗಲಿಲ್ಲವಂತೆ, ಹಾಗಾಗಿ ಬೇಜಾರೂ ಆಗಲಿಲ್ಲವಂತೆ. ಆದರೆ ಗಾಡಿ ಎಲ್ಲರಿಗಿಂತ ಬೇಗ ಬಂತು. "ಎತ್ತು ಹೊಡದಾಂವಗ ಗಾಡಿ ಬ್ಯಾಗ ಬರ್ತೈತಿ. ಎಳೇಲಾರದ ತ್ರಾಸ್ ಪಡಾಕತ್ತಿದ್ದು ಕಿವಿಗೆ ಗೊತ್ತಾಕ್ಕೈತಿ" ಅನ್ನುತ್ತಿದ್ದ. ಕೊನೆಕೊನೆಗೆ ಒಂದು ಕಿವಿ ಪೂರ್ತಿ ಕೇಳದಿದ್ದಾಗಲೂ ಪಕ್ಕದ ಹೊಲದ ಟ್ರ್ಯಾಕ್ಟರ್ ಸದ್ದಿಗೆ ಮುಖ ಕಿವುಚಿ, ಇಂಜೆಕ್ಟರ್ ಹೋಗೈತಿ ನೋಡು ಅನ್ನುತ್ತಿದ್ದ. ನಾನು ಹತ್ತು ಸಲ ಕರೆದರೆ ಮಾತ್ರ ಕೇಳುತ್ತಿರಲಿಲ್ಲ.

ಮಿಲ್ಟ್ರಿಯವನು ಅಂದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ. ಎಷ್ಟು ಮಂದಿನ ಹೊಡದೀರಿ? ಅಪ್ಪ ನಗುತ್ತಿದ್ದ. "ಹೊಡದಿದ್ದು ಬರೇ ಗಾಡಿ." ಕೇಳಿದವರಿಗೆ ನಿರಾಸೆ. ನನಗೂ ಚಿಕ್ಕವಳಿದ್ದಾಗ ನಿರಾಸೆಯೇ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಗೆಳತಿಯ ಸೋದರಮಾವ ಮರಾಠಾ ರೆಜಿಮೆಂಟಿನಲ್ಲಿದ್ದ, ಅವನ ಹತ್ತಿರ ಗನ್ನಿನ ಕಥೆಗಳಿದ್ದವು. ನನ್ನ ಅಪ್ಪ ಶಕ್ತಿಮಾನ್ ಓಡಿಸುತ್ತಿದ್ದ. ಶಕ್ತಿಮಾನ್ ಅಂದರೆ ಜಬಲ್ಪುರದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಮಿಲಿಟರಿ ಲಾರಿ. ಆದರೆ ಅದೇ ಹೆಸರಿನ ಹೀರೋ ಒಬ್ಬ ಆಗ ಟಿವಿಯಲ್ಲಿ ಗಿರಗಿರ ತಿರುಗಿ ಹಾರುತ್ತಿದ್ದ. ಹಾಗಾಗಿ ಒಂದು ವರ್ಷ ನನ್ನ ಮರ್ಯಾದೆ ಉಳಿಯಿತು.

ಅಪ್ಪ ಜೋಧಪುರದಲ್ಲಿದ್ದ, ತೇಜ್‌ಪುರದಲ್ಲಿದ್ದ. ಮಾತಾಡುತ್ತಿದ್ದದ್ದು ಮಾತ್ರ ಲಡಾಖಿನ ಬಗ್ಗೆ. ಎರಡು ಸಲ ಅಲ್ಲಿಗೆ ಪೋಸ್ಟಿಂಗ್ ಆಗಿತ್ತು. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಸೋನಾಮಾರ್ಗ್ ದಾಟಿದ ಮೇಲೆ ಝೋಜಿ ಲಾ ಬರುತ್ತದೆ, 11,500 ಅಡಿಗೂ ಮೇಲೆ. ಆಗೆಲ್ಲ ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ತಿಂಗಳುಗಟ್ಟಲೆ ಬಂದ್ ಆಗುತ್ತಿತ್ತು. ಆಚೆ ಇರುವ ಸೈನಿಕರಿಗೆ ಇಡೀ ಚಳಿಗಾಲಕ್ಕೆ ಬೇಕಾದ ಊಟ, ಎಣ್ಣೆ, ಔಷಧ, ಬಟ್ಟೆ ಎಲ್ಲವನ್ನೂ ದಾರಿ ತೆರೆದಿರುವ ತಿಂಗಳುಗಳಲ್ಲೇ ಸಾಗಿಸಿ ಇಡಬೇಕಿತ್ತು. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಕುಳ್ಳು, ಕಟ್ಟಿಗೆ ಒಟ್ಟಿಡುವುದಿಲ್ಲವೇ, ಹಾಗೆ. ಒಟ್ಟುವುದು ಸಾವಿರಾರು ಜನರ ಹೊಟ್ಟೆಗೆ, ಅಷ್ಟೇ ವ್ಯತ್ಯಾಸ. ಆ ಲಾರಿಗಳ ಸಾಲಿನಲ್ಲಿ ಒಂದು ಲಾರಿ ಅಪ್ಪನದು.

ದಾರಿ ಒಂದೇ ಗಾಡಿಯಷ್ಟು ಅಗಲ, ಅದಕ್ಕೇ ಒಂದು ಹೊತ್ತು ಮೇಲೆ ಹೋಗುವವರಿಗೆ, ಒಂದು ಹೊತ್ತು ಕೆಳಗೆ ಬರುವವರಿಗೆ. ಒಂದು ಪಕ್ಕ ಹಿಮದ ಗೋಡೆ, ಇನ್ನೊಂದು ಪಕ್ಕ ಏನೂ ಇಲ್ಲ. ಈ "ಏನೂ ಇಲ್ಲ" ಅನ್ನುವಾಗ ಅಪ್ಪ ಎಡಗೈಯನ್ನು ಗಾಳಿಯಲ್ಲಿ ಸುಮ್ನೆ ಬಿಟ್ಟು ತೋರಿಸುತ್ತಿದ್ದ. ರಾತ್ರಿ ರೇಡಿಯೇಟರ್ ನೀರು ಇಳಿಸಿ ಮಲಗಬೇಕು, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಗಡ್ಡೆ ಕಟ್ಟಿ ಇಂಜಿನ್ನೇ ಒಡೆಯುತ್ತದೆ. ಬೆಳಿಗ್ಗೆ ನೀರು ಕಾಯಿಸಿ ಹಾಕಬೇಕು. ಡೀಸೆಲ್ ತುಪ್ಪದ ಹಾಗೆ ಹೆಪ್ಪುಗಟ್ಟಿರುತ್ತದೆ, ಕೆಳಗಿನಿಂದ ಬೆಂಕಿ ತೋರಿಸಬೇಕು. ಬರಿಗೈಯಲ್ಲಿ ಕಬ್ಬಿಣ ಮುಟ್ಟಿದರೆ ಚರ್ಮ ಅಲ್ಲೇ ಅಂಟುತ್ತದೆ. ಅವನ ಬಲಗೈ ತೋರುಬೆರಳಿನ ತುದಿಯಲ್ಲಿ ಬೆಳ್ಳಗಿನ ಒಂದು ಕಲೆ ಇತ್ತು, ಸ್ಪ್ಯಾನರ್ ಹಿಡಿದದ್ದು. ಆ ಬೆರಳನ್ನೂ ಹುಡುಗ ಮಷೀನ್ ಮೇಲೆ ಒತ್ತಿಸಿದ್ದ.

ರಜೆ ಮುಗಿಸಿ ಹೋಗುವಾಗ ಅವ್ವ ಟ್ರಂಕಿನಲ್ಲಿ ಕಟಕ ರೊಟ್ಟಿ ತುಂಬುತ್ತಿದ್ದಳು. ಐವತ್ತು, ಅರವತ್ತು. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಕರಿ ಟ್ರಂಕು, ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು. ಹುಬ್ಬಳ್ಳಿಯಿಂದ ಮೀಟರ್ ಗೇಜ್ ಗಾಡಿ, ಮೀರಜ್‌ನಲ್ಲಿ ಇಳಿದು ದೊಡ್ಡ ಗಾಡಿ, ದೆಹಲಿ, ಜಮ್ಮು, ಅಲ್ಲಿಂದ ಮಿಲಿಟರಿ ಗಾಡಿ. ಅಷ್ಟು ದೂರ ಹೋಗಿಯೂ ರೊಟ್ಟಿ ಮುರಿಯುತ್ತಿರಲಿಲ್ಲ, ಅಥವಾ ಮುರಿದರೂ ಯಾರು ಕೇಳಬೇಕು, ಹೇಗಿದ್ದರೂ ಮುರಿದೇ ತಿನ್ನುವುದು. ಗಾಡಿಯಲ್ಲಿ ಅವನ ಜೊತೆಗಿದ್ದ ಬಿಹಾರದ ಹುಡುಗ ಮೊದಲ ಸಲ ನೋಡಿ ಇದು ಪಾಪಡಾ ಅಂತ ಕೇಳಿದ್ದನಂತೆ. ಆಮೇಲೆ ರಜೆಗೆ ಹೊರಟಾಗೆಲ್ಲ ಅವನೇ ನೆನಪು ಮಾಡುತ್ತಿದ್ದನಂತೆ, ಭಾಭಿಗೆ ಹೇಳಿ ಪಾಪಡ್ ತನ್ನಿ. ಬರುವಾಗ ಅಪ್ಪ ಒಣ ಖುಮಾನಿ ತರುತ್ತಿದ್ದ, ಅಖ್ರೋಟ್ ತರುತ್ತಿದ್ದ. ಮತ್ತೆ ಕ್ಯಾಂಟೀನ್ ಬಾಟಲಿಗಳು. ಅಪ್ಪ ಕುಡಿಯುತ್ತಿರಲಿಲ್ಲ. ಆದರೆ ಅವನು ಬಂದ ಸುದ್ದಿ ಊರಿಗೆ ಬಾಟಲಿಯ ವಾಸನೆಯಿಂದಲೇ ಗೊತ್ತಾಗುತ್ತಿತ್ತು ಅನ್ನಿಸುತ್ತದೆ. ವರ್ಷವಿಡೀ ಮಾತಾಡಿಸದ ದೊಡ್ಡಪ್ಪಂದಿರು ಸಂಜೆ ಹೊತ್ತಿಗೆ ಆರೋಗ್ಯ ವಿಚಾರಿಸಲು ಬರುತ್ತಿದ್ದರು.

ಇಷ್ಟೆಲ್ಲ ಹೇಳಿ ಒಳ್ಳೇ ಅಪ್ಪ, ಒಳ್ಳೇ ಗಂಡ ಅಂತ ಬರೆದುಬಿಟ್ಟರೆ ಅರ್ಧ ಸತ್ಯ ಆಗುತ್ತದೆ. 1987ರಲ್ಲಿ ಮದುವೆ. 2005ರಲ್ಲಿ ನಿವೃತ್ತಿ. ವರ್ಷಕ್ಕೆ ಎರಡು ತಿಂಗಳ ದೊಡ್ಡ ರಜೆ, ಮೇಲೆ ಒಂದಿಷ್ಟು ಸಣ್ಣ ರಜೆ. ಲೆಕ್ಕ ಹಾಕಿದರೆ ಆ 18 ವರ್ಷದಲ್ಲಿ ಅಪ್ಪ ಅವ್ವ ಕೂಡಿ ಇದ್ದದ್ದು ನಾಲ್ಕು ವರ್ಷವೂ ಆಗುವುದಿಲ್ಲ. ಅಜ್ಜ ಅಜ್ಜಿ, ಹೊಲ, ಎರಡು ಎಮ್ಮೆ ಬಿಟ್ಟು ಅವ್ವ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ನನ್ನ ತಮ್ಮನಿಗೆ ಮೂರು ವರ್ಷ ಇದ್ದಾಗ ರಜೆಗೆ ಬಂದ ಅಪ್ಪನನ್ನು ನೋಡಿ "ಮಾಮಾ ಬಂದಾನ" ಅಂತ ಕೂಗಿಕೊಂಡು ಒಳಗೆ ಓಡಿದ. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಆಮೇಲೆ ಬಹಳ ಹೊತ್ತು ದನದ ಕೊಟ್ಟಿಗೆಯಲ್ಲಿ ಸುಮ್ನೆ ನಿಂತಿದ್ದ ಅಂತ ಅವ್ವ ಮೊನ್ನೆ ಮೊನ್ನೆ ಹೇಳಿದಳು. 30 ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ.

ನಮಗೆ ಅಪ್ಪ ಅಂದರೆ ಒಂದು ವಿಳಾಸ. 56 ಎಪಿಓ. ಅದು ಸೈನ್ಯದ ಅಂಚೆ ನಂಬರು ಅಂತ ಗೊತ್ತಿರಲಿಲ್ಲ, ಊರು ಅಂದುಕೊಂಡಿದ್ದೆ. ಐದನೇ ಇಯತ್ತೆಯಲ್ಲಿ ಭಾರತದ ನಕಾಶೆಯಲ್ಲಿ ಹುಡುಕಿದ್ದೂ ಉಂಟು.

1999ರ ಬೇಸಿಗೆಯಲ್ಲಿ ಅಪ್ಪ ಎರಡನೇ ಸಲ ಅಲ್ಲೇ ಇದ್ದ. ನನಗೆ 11. ಕಾರ್ಗಿಲ್, ದ್ರಾಸ್ ಅನ್ನುವ ಹೆಸರು ಟಿವಿಯಲ್ಲಿ ಬರತೊಡಗಿದಾಗ ಊರಲ್ಲಿ ಅವು ಗೊತ್ತಿದ್ದದ್ದು ನಮ್ಮ ಮನೆಯವರಿಗೆ ಮಾತ್ರ. ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಅವ್ವ ಸಂಜೆ ಪಕ್ಕದ ಮನೆಯ ಬಾಗಿಲಲ್ಲಿ ನಿಂತು, ಒಳಗೂ ಹೋಗದೆ, ಹೊಸ್ತಿಲ ಆಚೆಯಿಂದಲೇ ವಾರ್ತೆ ನೋಡುತ್ತಿದ್ದಳು. ವಾರ್ತೆ ಮುಗಿದರೆ ಎಮ್ಮೆ ಹಿಂಡಲು ವಾಪಸ್. ಒಂದೂ ಮಾತಿಲ್ಲ. ಐದಾರು ವಾರ ಪತ್ರ ಇಲ್ಲ. ಜುಲೈನಲ್ಲಿ ಒಂದು ಬಂತು. ನಾನೇ ಓದಿದೆ. ನಾನು ಆರಾಮ ಇದೀನಿ. ಮಳಿ ಆತೇನು. ಹೆಸರು ಬಿತ್ತಿದಿರೇನು. ಬಿಳಿ ಎಮ್ಮಿ ಈದಿದ್ರ ಬರೀರಿ. ಅಷ್ಟೇ. ಅವ್ವ ಎರಡು ಸಲ ಓದಿಸಿದಳು. ಆಮೇಲೆ "ಎಮ್ಮಿ ಚಿಂತಿ ಹತ್ತೈತಿ ಅಂದ್ರ ಆರಾಮ ಅದಾನ" ಅಂದಳು.

ಅಲ್ಲಿ ಏನಾಗುತ್ತಿತ್ತು ಅಂತ ಅಪ್ಪ ಹೇಳಿದ್ದು ನಾನು ದೊಡ್ಡವಳಾದ ಮೇಲೆ, ಅದೂ ತುಂಡು ತುಂಡಾಗಿ. ದ್ರಾಸ್ ಪಕ್ಕದ ತೋಲೋಲಿಂಗ್ ಬೆಟ್ಟದ ಮೇಲೆ ಶತ್ರುಗಳು ಕೂತಿದ್ದರು, ಕೆಳಗಿನ ಹೆದ್ದಾರಿ ಅವರ ಅಂಗೈ ಮೇಲಿದ್ದ ಹಾಗೆ ಕಾಣುತ್ತಿತ್ತು. ಹಗಲು ಗಾಡಿ ಹೊರಟರೆ ಶೆಲ್ ಬೀಳುತ್ತಿತ್ತು. ಜೂನ್ 13ಕ್ಕೆ ತೋಲೋಲಿಂಗ್ ಕೈಗೆ ಬರುವವರೆಗೆ, ಆಮೇಲೂ ಎಷ್ಟೋ ದಿನ, ರಾತ್ರಿಯೇ ಓಡಾಟ. ಅಪ್ಪ ಹೊತ್ತಿದ್ದು ಬೋಫೋರ್ಸ್ ತೋಪಿನ ಗುಂಡುಗಳನ್ನು, ಒಂದೊಂದೂ 40 ಕೆಜಿಗೂ ಜಾಸ್ತಿ. ಹಿಂದೆ ಅಷ್ಟು ಮದ್ದು, ಮುಂದೆ ಕತ್ತಲೆ. ಹೆಡ್‌ಲೈಟ್ ಹಾಕುವ ಹಾಗಿಲ್ಲ.

"ಮತ್ತ ದಾರಿ ಹೆಂಗ ಕಾಣ್ತಿತ್ತು?" ಅಂತ ಕೇಳಿದ್ದೆ.

ದಾರಿ ಕಾಣುತ್ತಿರಲಿಲ್ಲ. ಮುಂದಿನ ಗಾಡಿ ಕಾಣುತ್ತಿತ್ತು. ಮಿಲಿಟರಿ ಲಾರಿಯ ಹಿಂದೆ ಕೆಳಗಡೆ, ಆಕ್ಸೆಲ್ ನಡುವಿನ ದುಂಡನೆ ಗುಂಬಕ್ಕೆ ಬಿಳಿ ಬಣ್ಣ ಹಚ್ಚಿರುತ್ತಾರೆ, ನೋಡಿದ್ದೀರಾ? ಅದರ ಮೇಲೆ ಬೀಳುವ ಹಾಗೆ ಒಂದು ಪುಟ್ಟ ಬಲ್ಬು ಇರುತ್ತದೆ. ಮೇಲಿನಿಂದ ನೋಡಿದವರಿಗೆ ಕಾಣುವುದಿಲ್ಲ, ಹಿಂದಿನ ಗಾಡಿಯವನಿಗೆ ಮಾತ್ರ ಕಾಣುತ್ತದೆ. ಆ ಬಿಳಿ ಚುಕ್ಕೆ ಹಿಡಿದು ಹೋಗುವುದು. ಅದು ಎಡಕ್ಕೆ ಹೋದರೆ ಎಡಕ್ಕೆ. ನಿಂತರೆ ನಿಲ್ಲು. "ಅದು ಕೆಳಗ ಬಿದ್ರ?" ಅಂದೆ. "ಬೀಳ್ತಿದ್ದಿಲ್ಲ. ಮುಂದಿನಾಂವನೂ ನಮ್ಮಂಗ ಡ್ರೈವರನ ಅಲ್ಲಾ?" ಅಂದ.

ಇದಕ್ಕಿಂತ ಜಾಸ್ತಿ ಕಾರ್ಗಿಲ್ ಕಥೆ ಅವನ ಬಾಯಿಂದ ಬರಲಿಲ್ಲ. ಪ್ರತಿ ಜುಲೈ 26ಕ್ಕೆ ಶಾಲೆಗಳಲ್ಲಿ ಕರೆದು ಹಾರ ಹಾಕುತ್ತಿದ್ದರು. ಮೈಕ್ ಮುಂದೆ ನಿಂತು "ನಾನು ಗುಂಡು ಹೊಡೆದಿಲ್ಲ, ಗುಂಡು ಮುಟ್ಟಿಸೀನಿ" ಅಂತ ಹೇಳಿ, ಆಮೇಲೆ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಬಾರದು, ಇಳಿದ ಮೇಲೆ ಬಸ್ಸಿನ ಮುಂದಿನಿಂದ ರಸ್ತೆ ದಾಟಬಾರದು ಅಂತ ಐದು ನಿಮಿಷ ಹೇಳಿ ಕೂತುಬಿಡುತ್ತಿದ್ದ. ಹೆಡ್‌ಮಾಸ್ತರರ ಮುಖ ನೋಡಬೇಕಿತ್ತು.

2005ರಲ್ಲಿ ಹವಾಲ್ದಾರ್ ಆಗಿ 24 ವರ್ಷ ಮುಗಿಸಿ ಬಂದ. ವಯಸ್ಸು 43. ನನ್ನ ಪ್ರಕಾರ ಅಪ್ಪ ನಮಗೆ ಅಪ್ಪನಾಗಿದ್ದು ಆ ವರ್ಷ, ಮತ್ತು ಅದು ಅವನಿಗೆ ಝೋಜಿ ಲಾಗಿಂತ ಕಷ್ಟದ ದಾರಿಯಾಗಿತ್ತು. ಮೊದಲ ತಿಂಗಳೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ಜೋಡಿಸಿ ಚೀಟಿ ಅಂಟಿಸಿದ. ಅವ್ವ ಹೊಲದಿಂದ ಬಂದು ನೋಡಿದಳು. "ಇದು ನಿಮ್ಮ ಮಿಲ್ಟ್ರಿ ಅಡಗಿಮನಿ ಲಂಗರ್ ಅಲ್ಲ" ಅಂದವಳೇ ಎಲ್ಲವನ್ನೂ ತೆಗೆದು ಮೊದಲಿನಂತೆ ಇಟ್ಟಳು. 18 ವರ್ಷ ಒಬ್ಬಳೇ ಬಿತ್ತಿ, ಬೆಳೆದು, ಸಾಲ ತೀರಿಸಿ, ಮಕ್ಕಳನ್ನು ಓದಿಸಿದವಳಿಗೆ ಈಗ ಬಂದವನು ಸಾಸಿವೆ ಎಲ್ಲಿಡಬೇಕು ಅಂತ ಹೇಳಿದರೆ ಸಿಟ್ಟು ಬರುವುದಿಲ್ಲವಾ? ತಮ್ಮ ಬೆಳಿಗ್ಗೆ ಏಳುವುದು ತಡವಾದರೆ ಕೆರೆಯ ಏರಿಯ ಮೇಲೆ ಓಡಿಸುತ್ತಿದ್ದ. ಒಂದು ದಿನ ತಮ್ಮ ನಡುದಾರಿಯಲ್ಲಿ ನಿಂತು, "ನೀ ವಾಪಸ್ ಯಾವಾಗ ಹೋಗ್ತಿ?" ಅಂತ ಕೇಳಿದ. ಅವನಿಗೆ 13. ಆ ದಿನದಿಂದ ಓಡಿಸುವುದು ನಿಂತಿತು. ಅಪ್ಪ ಒಬ್ಬನೇ ಓಡಿ ಬರುತ್ತಿದ್ದ. ಬಂದು ಚಹಾ ಮಾಡಿ ಎಲ್ಲರನ್ನೂ ಎಬ್ಬಿಸುತ್ತಿದ್ದ. ಆ ಚಹಾ ಭಯಂಕರ ಸಿಹಿ. ಲಡಾಖಿನ ಅಳತೆ.

ಪಿಂಚಣಿ ಬರುತ್ತಿದ್ದರೂ ಇಬ್ಬರು ಮಕ್ಕಳ ಓದಿಗೆ ಸಾಲುತ್ತಿರಲಿಲ್ಲ. ಒಂದು ಏಜೆನ್ಸಿಯ ಮೂಲಕ ಎಟಿಎಂ ಕಾಯುವ ಕೆಲಸಕ್ಕೆ ಸೇರಿದ. ರಾತ್ರಿ 12 ಗಂಟೆ ಡ್ಯೂಟಿ, ವಾರದ ರಜೆ ಇಲ್ಲ, ಕಾಗದದಲ್ಲಿ ಸಹಿ ಮಾಡಿಸಿಕೊಂಡ ಸಂಬಳ ಒಂದು, ಕೈಗೆ ಬರುತ್ತಿದ್ದದ್ದು ಇನ್ನೊಂದು. ಎರಡು ವರ್ಷ ಮಾಡಿದ. ಗಡಿ ಕಾದವರನ್ನು ಕರೆದು ಹಾರ ಹಾಕುವ ಜನವೇ ಅವರ ಸಂಬಳದಲ್ಲಿ ಕೈ ಹಾಕುತ್ತಾರೆ, ಇದನ್ನು ಬರೆಯುವಾಗ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ಅಪ್ಪನಿಗೆ ಉರಿದಿದ್ದು ಬೇರೆ ಕಾರಣಕ್ಕೆ. "ಕುಂತು ಕುಂತು ಕಾಲು ಜೋಮು ಹಿಡಿದುವು. ನನಗ ಗಾಡಿ ಬೇಕು."

ಗಾಡಿ ಸಿಕ್ಕಿತು. ಶಾಲೆಯ ಬಸ್ಸು, ಹಳದಿ ಬಣ್ಣದ್ದು. 15 ವರ್ಷ ಓಡಿಸಿದ. ಒಂದು ಅಪಘಾತ ಇಲ್ಲ.

ಸೈನ್ಯದಲ್ಲಿ ಬೆಳಿಗ್ಗೆ ಗಾಡಿ ಹೊರಡಿಸುವ ಮುಂಚೆ ಮಾಡುವ ತಪಾಸಣೆಗೆ ಫಸ್ಟ್ ಪರೇಡ್ ಅಂತಾರೆ. ಎಣ್ಣೆ, ನೀರು, ಟೈರು, ಬ್ರೇಕು, ಬೆಲ್ಟು, ಬ್ಯಾಟರಿ. ಸಂಜೆ ನಿಲ್ಲಿಸಿದ ಮೇಲೆ ಮತ್ತೆ ಲಾಸ್ಟ್ ಪರೇಡ್. ಅಪ್ಪ ಅದನ್ನು ಒಂದು ದಿನವೂ ಬಿಡಲಿಲ್ಲ. ಐದು ಗಂಟೆಗೆ ಟಾರ್ಚು ಹಿಡಿದು ಬಸ್ಸಿನ ಕೆಳಗೆ ಮಲಗಿರುತ್ತಿದ್ದ, ಎರಡು ಕಾಲು ಮಾತ್ರ ಹೊರಗೆ. ಸಂಜೆ ಬಸ್ಸು ನಿಲ್ಲಿಸಿ ಕೊನೆಯ ಸೀಟಿನ ತನಕ ನಡೆದು, ಪ್ರತಿ ಸೀಟಿನ ಕೆಳಗೆ ಬಗ್ಗಿ ನೋಡಿಯೇ ಇಳಿಯುತ್ತಿದ್ದ. ಬೇರೆ ಡ್ರೈವರ್‌ಗಳು ನಗುತ್ತಿದ್ದರು. ಒಂದು ದಿನ ಎಲ್‌ಕೆಜಿಯ ಹುಡುಗಿಯೊಬ್ಬಳು ಕೊನೆಯ ಸೀಟಿನ ಕೆಳಗೆ ಬ್ಯಾಗು ತಲೆಗಿಟ್ಟುಕೊಂಡು ನಿದ್ದೆ ಹೋಗಿದ್ದಳು. ಅವಳ ಜೊತೆಗಾರರೆಲ್ಲ ಇಳಿದು ಹೋಗಿಯಾಗಿತ್ತು, ಅದೂ ಶನಿವಾರ, ಮಾರನೇ ದಿನ ರಜೆ. ಅಪ್ಪ ಎತ್ತಿಕೊಂಡು ಮನೆಗೆ ಬಿಟ್ಟು ಬಂದ. ನಮಗೆ ಹೇಳಿದ್ದು ಹೀಗೆ: "ಇವತ್ತು ಲಾಸ್ಟ್ ಪರೇಡಿನ್ಯಾಗ ಒಂದು ಕೂಸು ಸಿಕ್ತು." ಸ್ಪ್ಯಾನರ್ ಸಿಕ್ಕಿತು ಅನ್ನುವ ಧಾಟಿಯಲ್ಲಿ.

ಮನೆಯಲ್ಲೂ ಫಸ್ಟ್ ಪರೇಡ್ ಇತ್ತು. ಟಿವಿಎಸ್ ಎಕ್ಸೆಲ್, ಪಂಪ್‌ಸೆಟ್, ಗ್ಯಾಸ್ ಪೈಪು, ಅವ್ವನ ಬಿಪಿ ಗುಳಿಗೆ. ಗೋಡೆಗೆ ಒಂದು ನೋಟ್‌ಬುಕ್ ನೇತು ಹಾಕಿದ್ದ, ಮಿಲಿಟರಿ ಗಾಡಿಗೆ ಕಾರ್ ಡೈರಿ ಇರುತ್ತದಲ್ಲ ಹಾಗೆ. ಯಾರು ಎಲ್ಲಿಗೆ, ಔಟ್ ಎಷ್ಟಕ್ಕೆ, ಇನ್ ಎಷ್ಟಕ್ಕೆ. ನಾನು ಧಾರವಾಡದಲ್ಲಿ ಬಿ.ಎಡ್. ಓದುವಾಗ ಶನಿವಾರ ಮನೆಗೆ ಬಂದರೆ ಮೊದಲು ಗಡಿಯಾರ ನೋಡಿ "ಇನ್ 18:40" ಅಂತ ಬರೆಯುತ್ತಿದ್ದ, ಆಮೇಲೆ ಉಂಡಿಯಾ ಅಂತ ಕೇಳುತ್ತಿದ್ದ. ನನಗೆ ಆಗ ವಿಪರೀತ ಸಿಟ್ಟು ಬರುತ್ತಿತ್ತು. ಈಗ ಆ ಪುಸ್ತಕ ನನ್ನ ಹತ್ತಿರ ಇದೆ. ಒಂದು ಪುಟದಲ್ಲಿ ತಮ್ಮ ಮೊದಲ ಸಲ ಬೆಂಗಳೂರಿಗೆ ಕೆಲಸಕ್ಕೆ ಹೋದ ದಿನದ ಎಂಟ್ರಿ ಇದೆ. ಔಟ್ 20:15. ಇನ್ ಅನ್ನುವ ಜಾಗ ಖಾಲಿ. ಅದರ ಕೆಳಗೆ ಏನೂ ಬರೆಯದೆ ಒಂದು ಸಾಲು ಬಿಟ್ಟಿದ್ದಾನೆ. ಬೇರೆ ಯಾವ ಪುಟದಲ್ಲೂ ಅಪ್ಪ ಸಾಲು ಬಿಟ್ಟಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಶಾಲೆ ಮುಚ್ಚಿತು, ಡ್ರೈವರ್‌ಗಳ ಸಂಬಳವೂ ನಿಂತಿತು. ಅಪ್ಪ ಅದರ ಬಗ್ಗೆ ಜಾಸ್ತಿ ಮಾತಾಡಲಿಲ್ಲ. ಎಕ್ಸೆಲ್ ತೆಗೆದು ಊರಿನ ಮುದುಕರ ಚೀಟಿಗಳನ್ನೆಲ್ಲ ಸೇರಿಸಿಕೊಂಡು ನರಗುಂದಕ್ಕೆ ಹೋಗಿ ಔಷಧಿ ತಂದು ಕೊಡುತ್ತಿದ್ದ. ನಾಕಾಬಂದಿಯಲ್ಲಿ ಪೊಲೀಸರು ನಿಲ್ಲಿಸಿದರೆ ಹಳೇ ಐಡಿ ಕಾರ್ಡು ತೋರಿಸಿ, ಸಪ್ಲೈ ಅನ್ನುತ್ತಿದ್ದನಂತೆ.

ಒಂದು ವಿಷಯ ಬಿಟ್ಟೆ. ನಮ್ಮ ಕಡೆ ಹುಬ್ಬಳ್ಳಿ–ಸೊಲ್ಲಾಪುರ ರಸ್ತೆಯಲ್ಲಿ ಚಳಿಗಾಲದ ರಾತ್ರಿ ಗಾಡಿ ಓಡಿಸಿದವರಿಗೆ ಗೊತ್ತು. ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು, ಹಿಂದೆ ಎರಡೆರಡು ಟ್ರೇಲರ್, ಟೇಲ್‌ಲೈಟ್ ಅನ್ನುವುದು ಹೆಸರಿಗೂ ಇಲ್ಲ. ಹತ್ತಿರ ಹೋಗಿ ಡಿಕ್ಕಿ ಹೊಡೆಯುವ ತನಕ ಕಾಣುವುದಿಲ್ಲ. ನಮ್ಮ ಓಣಿಯ ಹುಡುಗನೊಬ್ಬ ಬೈಕಿನಲ್ಲಿ ಬರುವಾಗ ಹಾಗೇ ಹೋದ. 22 ವರ್ಷ. ಮಣ್ಣು ಮುಗಿಸಿ ಬಂದ ಅಪ್ಪ ಉಣ್ಣಲಿಲ್ಲ. ಮರುದಿನ ಒಂದು ಡಬ್ಬಿ ಬಿಳಿ ಬಣ್ಣ, ಒಂದು ಬ್ರಷ್ ತಂದ. ಊರಿನ ಪ್ರತಿ ಟ್ರೇಲರ್ ಹಿಂದೆ, ಚಕ್ಕಡಿ ಹಿಂದೆ, ಊಟದ ತಟ್ಟೆಯಷ್ಟು ದೊಡ್ಡ ದುಂಡನೆ ಬಿಳಿ ಚುಕ್ಕೆ ಹಚ್ಚುತ್ತಾ ಹೋದ. ಕೆಲವರು ಬೈದರು, ಹೊಸ ಟ್ರೇಲರ್ ಹೊಲಸು ಮಾಡ್ತೀಯಾ ಅಂತ. ಅವರು ಮಲಗಿದ ಮೇಲೆ ಹಚ್ಚಿ ಬಂದ. ಆಮೇಲೆ ಹೊಳೆಯುವ ಟೇಪು ಸಿಗತೊಡಗಿತು, ಪಿಂಚಣಿ ದುಡ್ಡಿನಲ್ಲಿ ಅದನ್ನೂ ತಂದು ಚುಕ್ಕೆಯ ಸುತ್ತ ಅಂಟಿಸಿದ. ಪ್ರತಿ ವರ್ಷ ಕಬ್ಬು ಕಡಿಯುವ ಮುಂಚೆ ಇದೊಂದು ಡ್ಯೂಟಿ. ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆ ನಿಂತ ಬೇರೆ ಊರಿನ ಟ್ರ್ಯಾಕ್ಟರುಗಳನ್ನೂ ಬಿಡುತ್ತಿರಲಿಲ್ಲ.

ನವೆಂಬರ್ 21ರ ಬೆಳಿಗ್ಗೆ ಅವ್ವ ಎದ್ದಾಗ ಚಹಾದ ವಾಸನೆ ಇರಲಿಲ್ಲವಂತೆ. ಅಪ್ಪ ಎಕ್ಸೆಲ್ ಪಕ್ಕದಲ್ಲಿ ಕಟ್ಟೆಗೆ ಒರಗಿ ಕೂತಿದ್ದ, ಟಾರ್ಚು ಇನ್ನೂ ಉರಿಯುತ್ತಿತ್ತು. ಎದೆ. ಡಾಕ್ಟರ್ ಬರುವ ಹೊತ್ತಿಗೆ ಏನೂ ಉಳಿದಿರಲಿಲ್ಲ. ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಕಡಲೆ ಗೇಣುದ್ದ ಬೆಳೆದಿತ್ತು. ಸುತ್ತಲ ಊರಿನ ಮಾಜಿ ಸೈನಿಕರು ಟೋಪಿ ಹಾಕಿಕೊಂಡು ಬಂದರು, ಹನ್ನೊಂದು ಜನ. ಧ್ವಜ ಹೊದಿಸಿ ಸಾಲಾಗಿ ನಿಂತು ಸಲ್ಯೂಟ್ ಮಾಡಿದರು. ಅವರಲ್ಲಿ ಒಬ್ಬರಿಗೆ 80 ದಾಟಿತ್ತು, ಮೊಮ್ಮಗ ಹಿಂದಿನಿಂದ ಹಿಡಿದುಕೊಂಡಿದ್ದ, ಆದರೂ ಕೈ ಹಣೆಯ ಹತ್ತಿರ ಒಂದಿಷ್ಟೂ ಅಲುಗಲಿಲ್ಲ.

ಆಮೇಲೆ ಕಾಗದದ ಕೆಲಸ. ಅವ್ವನ ಹೆಸರಿನ ಕೊನೆಯಲ್ಲಿ ಅಪ್ಪನ ಡಿಸ್ಚಾರ್ಜ್ ಪುಸ್ತಕದಲ್ಲಿ "ವ್ವ" ಇದೆ, ಆಧಾರಿನಲ್ಲಿ "ಮ್ಮ" ಇದೆ. ಊರು ಅದೇ, ಮನೆ ಅದೇ, ಆದರೆ ಹಳೇ ದಾಖಲೆಯಲ್ಲಿ ಜಿಲ್ಲೆ ಧಾರವಾಡ, ಯಾಕೆಂದರೆ ಗದಗ ಜಿಲ್ಲೆ ಆಗಿದ್ದೇ 1997ರಲ್ಲಿ. ಇಬ್ಬರೂ ಒಬ್ಬಳೇ ಅಂತ ಸಾಬೀತು ಮಾಡಲು ಏಳು ತಿಂಗಳು ಹಿಡಿಯಿತು. ಒಂದು ಕಚೇರಿಯಲ್ಲಿ ಗುಮಾಸ್ತ, "ನೀವೇ ಅವರ ಹೆಂಡತಿ ಅನ್ನೋದಕ್ಕೆ ಏನು ಪುರಾವೆ?" ಅಂದ. ಅವ್ವ ನಿಧಾನಕ್ಕೆ, "56 ಎಪಿಓಕ್ಕ ರೊಟ್ಟಿ ಕಳಿಸಿದಾಕಿ ನಾನ" ಅಂದಳು. ಅವನಿಗೆ ಅರ್ಥವಾಗಲಿಲ್ಲ. ಮನೆಯಲ್ಲಿ ಮಾಜಿ ಸೈನಿಕರಿರುವವರು ದಯವಿಟ್ಟು ಇವತ್ತೇ ಡಿಸ್ಚಾರ್ಜ್ ಪುಸ್ತಕ ತೆಗೆದು ಹೆಂಡತಿಯ ಹೆಸರು, ಹುಟ್ಟಿದ ದಿನಾಂಕ ಆಧಾರ್ ಜೊತೆ ತಾಳೆ ನೋಡಿ. ಅವರು ಇರುವಾಗಲೇ ಸರಿ ಮಾಡಿಸಿ. ಆಮೇಲೆ ಬಹಳ ಕಷ್ಟ.

ಅಪ್ಪ ರಾತ್ರಿ ಮಲಗುವಾಗ ಫೋನಿನಲ್ಲಿ ಸುರಂಗ ಕೊರೆಯುವ ವಿಡಿಯೋ ನೋಡುತ್ತಿದ್ದ. ಸೋನಾಮಾರ್ಗ್ ಸುರಂಗ, ಆರೂವರೆ ಕಿಲೋಮೀಟರ್. ಅದರ ಮುಂದೆ ಝೋಜಿ ಲಾ ಕೆಳಗೆ ಇನ್ನೂ ಉದ್ದದ್ದು, 13 ಕಿಲೋಮೀಟರಿಗೂ ಜಾಸ್ತಿ. "ಇದು ಆತಂದ್ರ ಡ್ರೈವರ್‌ಗ ಅಲ್ಲಿ ಏನೂ ಕೆಲಸ ಇಲ್ಲ, ಯಾರ ಬೇಕಾದ್ರೂ ಹೋಗಬಹುದು" ಅಂತ ಗೊಣಗುತ್ತಿದ್ದ. ಆದರೆ ದಿನಾ ನೋಡುತ್ತಿದ್ದ. ಸೋನಾಮಾರ್ಗ್ ಸುರಂಗ ಉದ್ಘಾಟನೆ ಆಗಿದ್ದು 2025ರ ಜನವರಿ 13ಕ್ಕೆ. ಎರಡು ತಿಂಗಳೂ ಕಾಯಲಿಲ್ಲ ನೋಡಿ. ಝೋಜಿ ಲಾದ ಸುರಂಗ ಆದ ಮೇಲೆ ಅವ್ವನನ್ನು ಒಂದು ಸಲ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಅವ್ವ ಬರುವುದಿಲ್ಲ ಅಂತಾಳೆ, ಎಮ್ಮೆ ಯಾರು ನೋಡಬೇಕು ಅಂತಾಳೆ.

ಮೊನ್ನೆ ವರ್ಷದ ಪೂಜೆಗೆ ತಮ್ಮ ಬೆಂಗಳೂರಿನಿಂದ ಕಾರಿನಲ್ಲಿ ಬಂದ. ನವಲಗುಂದ ದಾಟುವಾಗ ರಾತ್ರಿ ಹನ್ನೊಂದು ಗಂಟೆ, ಮಂಜು ಬೇರೆ. ಊರು ಇನ್ನೂ ದೂರ ಇರುವಾಗ ಮುಂದೆ ಒಂದು ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿತಂತೆ, ಲೈಟ್ ಇಲ್ಲ, ಕಬ್ಬಿನ ಗರಿ ರಸ್ತೆಗೆ ತಾಗುತ್ತಿತ್ತಂತೆ. ಗರಿಗಳ ನಡುವೆ ಕೆಳಗಡೆ ಅರ್ಧ ಸವೆದ ದುಂಡನೆ ಬಿಳಿ ಚುಕ್ಕೆ. ಈ ವರ್ಷ ಯಾರೂ ಹೊಸ ಬಣ್ಣ ಹಚ್ಚಿಲ್ಲವಲ್ಲ. ಓವರ್‌ಟೇಕ್ ಮಾಡಲು ಜಾಗ ಇತ್ತು, ಮಾಡಲಿಲ್ಲ ಅಂದ. ನಮ್ಮೂರ ತಿರುವಿನ ತನಕ ಅದರ ಹಿಂದೆಯೇ, 20ರ ಸ್ಪೀಡಿನಲ್ಲಿ ಬಂದ.

ಅವನು ಮನೆಗೆ ಬಂದಾಗ ಗೋಡೆಯ ಪುಸ್ತಕದಲ್ಲಿ ನಾನೇ ಬರೆದೆ. ಇನ್ 23:50.